ನಾಮಧಾರಿ ಸಿಖ್ಖರ ಆಚರಣೆಗಳು

ನಾಮಧಾರಿ ಸಿಖ್ಖರು ಹತ್ತೊಂಬತ್ತನೆಯ ಶತಮಾನದಲ್ಲಿ ಪಂಜಾಬಿನಲ್ಲಿ ರೂಪುಗೊಂಡ ಒಂದು ಸಿಖ್ ಪಂಥದವರು. ಇವರಿಗೆ ಕೂಕಾ ಎಂಬ ಹೆಸರೂ ಇದೆ. ಪಂಥದ ಕೇಂದ್ರವು ಲುಧಿಯಾನಾ ಜಿಲ್ಲೆಯ ಭೈಣಿ ಸಾಹಿಬ್. ನಾಮಜಪ, ಬಿಳಿಯ ಉಡುಪು, ಸಸ್ಯಾಹಾರ, ಹವನ ಮತ್ತು ಸರಳ ವಿವಾಹ ಇವರ ಆಚರಣೆಗಳ ಮುಖ್ಯ ಲಕ್ಷಣಗಳು. ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯಲ್ಲಿರುವ ನಾಮಧಾರಿ ಸಮುದಾಯಕ್ಕೂ ಈ ಪಂಥಕ್ಕೂ ಹೆಸರಿನ ಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲ.

ಹೆಸರು

ದೇವರ ನಾಮವನ್ನು ಧರಿಸಿದವನು, ಅಂದರೆ ಮನಸ್ಸಿನಲ್ಲಿ ಸದಾ ನೆಲೆಗೊಳಿಸಿಕೊಂಡವನು, ನಾಮಧಾರಿ. ಪಂಜಾಬಿಯಲ್ಲಿ ‘ಕೂಕ್’ ಎಂದರೆ ಕೂಗು. ಭಜನೆಯ ಭಾವಾವೇಶದಲ್ಲಿ ಗಟ್ಟಿಯಾಗಿ ಕೂಗುತ್ತಿದ್ದುದರಿಂದ ಇವರನ್ನು ಜನರು ಕೂಕಾ ಎಂದು ಕರೆದರು.

ಹಿನ್ನೆಲೆ

ಬಾಲಕ ಸಿಂಗ್ ಅವರ ಬೋಧನೆಯಿಂದ ಮೊದಲಾದ ಈ ಪಂಥವನ್ನು ಅವರ ಶಿಷ್ಯ ರಾಮ ಸಿಂಗ್ (ಜನನ 1816) 1857ರ ಏಪ್ರಿಲ್ 12ರ ವೈಶಾಖಿಯಂದು ಭೈಣಿಯಲ್ಲಿ ಸಂಘಟಿಸಿದರು. ಹೆಣ್ಣು ಶಿಶುಗಳ ಹತ್ಯೆ, ಬಾಲ್ಯವಿವಾಹ, ವರದಕ್ಷಿಣೆ ಮತ್ತು ಗೋರಿಪೂಜೆಯನ್ನು ಅವರು ಖಂಡಿಸಿದರು. ಮಹಿಳೆಯರಿಗೂ ಅಮೃತದೀಕ್ಷೆ ನೀಡಿದರು.

ಗುರುಪರಂಪರೆ

ಹತ್ತನೆಯ ಗುರು ಗೋವಿಂದ ಸಿಂಗರ ಅನಂತರ ಗುರುಪೀಠವು ಗುರು ಗ್ರಂಥ ಸಾಹಿಬಿಗೆ ಸಂದಿತು ಎಂಬುದು ಬಹುಪಾಲು ಸಿಖ್ಖರ ನಂಬಿಕೆ. ನಾಮಧಾರಿಗಳೂ ಗ್ರಂಥವನ್ನು ಪೂಜ್ಯವೆಂದು ಭಾವಿಸುತ್ತಾರೆ. ಆದರೆ ಗೋವಿಂದ ಸಿಂಗರು 1708ರಲ್ಲಿ ದೇಹ ಬಿಡದೆ ಅಜ್ಞಾತವಾಗಿ ಬದುಕಿ, ಗುರುಪದವಿಯನ್ನು ಬಾಲಕ ಸಿಂಗರಿಗೆ ವಹಿಸಿದರು ಎಂದೂ, ದೇಹಧಾರಿ ಗುರುಗಳ ಪರಂಪರೆ ಇಂದಿಗೂ ಮುಂದುವರಿದಿದೆ ಎಂದೂ ಅವರು ನಂಬುತ್ತಾರೆ. ಈ ಪಂಥಕ್ಕೂ ಇತರ ಸಿಖ್ಖರಿಗೂ ಇರುವ ಮೂಲಭೂತ ಭಿನ್ನಾಭಿಪ್ರಾಯ ಇದೇ.

ನಿತ್ಯಾಚರಣೆ

ನಿಷ್ಠಾವಂತ ನಾಮಧಾರಿಯು ಬೆಳಗಿನ ಜಾವಕ್ಕೆ ಮುನ್ನವೇ ಎದ್ದು, ತಲೆಗೂದಲನ್ನೂ ತೊಳೆದು ಸ್ನಾನ ಮಾಡುತ್ತಾನೆ. ಬಳಿಕ ದೀಕ್ಷೆಯ ವೇಳೆ ಕಿವಿಯಲ್ಲಿ ಉಪದೇಶವಾದ ನಾಮವನ್ನು 108 ಗಂಟುಗಳ ಬಿಳಿಯ ಉಣ್ಣೆಯ ಮಾಲೆಯಿಂದ ಜಪಿಸುತ್ತಾನೆ. ಈ ನಾಮವನ್ನು ಬಹಿರಂಗಪಡಿಸುವಂತಿಲ್ಲ. ಬೆಳಗಿನ ಸಭೆಯಲ್ಲಿ ‘ಆಸಾ ದಿ ವಾರ್’ ಗಾಯನ ನಡೆಯುತ್ತದೆ. ಆಹಾರ ಮತ್ತು ನೀರಿನ ಮಡಿಯನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಸ್ವಪಂಥೀಯರು ಅಡಿಗೆ ಮಾಡಿದ ಊಟವನ್ನಷ್ಟೇ ಸ್ವೀಕರಿಸುತ್ತಾರೆ. ಮದ್ಯ, ಮಾಂಸ ಮತ್ತು ತಂಬಾಕು ನಿಷಿದ್ಧ.

ಉಡುಪು

ಬಿಳಿಯ ಬಟ್ಟೆ ಮತ್ತು ಹಣೆಗೆ ಅಡ್ಡಲಾಗಿ ನೇರವಾಗಿ ಸುತ್ತಿದ ಬಿಳಿಯ ಪೇಟದಿಂದ ಇವರನ್ನು ಸುಲಭವಾಗಿ ಗುರುತಿಸಬಹುದು. ರಾಮ ಸಿಂಗರು ಕೈಮಗ್ಗದ ಬಟ್ಟೆಯನ್ನು ಧರಿಸಲು ಹೇಳಿ, ಬ್ರಿಟಿಷ್ ವಸ್ತು, ನ್ಯಾಯಾಲಯ ಮತ್ತು ಅಂಚೆಯನ್ನು ತ್ಯಜಿಸುವಂತೆ ಅನುಯಾಯಿಗಳಿಗೆ ಬೋಧಿಸಿದ್ದರಿಂದ, ಈ ಸರಳ ಉಡುಪು ಸ್ವದೇಶಿ ನಿಲುವಿನ ಸಂಕೇತವೂ ಆಯಿತು.

ಹವನ ಮತ್ತು ವಿವಾಹ

ಹವನದಲ್ಲಿ ಏಳು ಮಂದಿ ಪಾಲ್ಗೊಳ್ಳುತ್ತಾರೆ. ಐವರು ಗುರುವಾಣಿಯನ್ನು ಪಠಿಸಿದರೆ, ಒಬ್ಬರು ತುಪ್ಪ ಮತ್ತು ಹವನಸಾಮಗ್ರಿಯನ್ನು ಅರ್ಪಿಸುತ್ತಾರೆ, ಮತ್ತೊಬ್ಬರು ನೀರು ಚಿಮುಕಿಸುತ್ತಾರೆ. ಇತರ ಸಿಖ್ಖರ ವಿವಾಹದಲ್ಲಿ ವಧೂವರರು ಗುರು ಗ್ರಂಥ ಸಾಹಿಬಿಗೆ ಪ್ರದಕ್ಷಿಣೆ ಬಂದರೆ, ಇಲ್ಲಿ ಅಗ್ನಿಗೆ ಪ್ರದಕ್ಷಿಣೆ ಬರುತ್ತಾರೆ. ‘ಲಾವಾಂ’ ಪದ್ಯಗಳ ಪಠಣ ಎರಡರಲ್ಲೂ ಇದೆ.

ರಾಮ ಸಿಂಗರು 1863ರಲ್ಲಿ ಫಿರೋಜ್‌ಪುರ ಪ್ರದೇಶದ ಖೋಟೆ ಗ್ರಾಮದಲ್ಲಿ ಈ ವಿಧಿಯ ವಿವಾಹಗಳನ್ನು ನಡೆಸಿದರು. ಪುರೋಹಿತರಿಲ್ಲದ ಈ ಪದ್ಧತಿಗೆ ಸಂಪ್ರದಾಯಸ್ಥರಿಂದ ವಿರೋಧ ಬಂದಿತು. ಅದೇ ವರ್ಷ ಬ್ರಿಟಿಷ್ ಸರ್ಕಾರವು ರಾಮ ಸಿಂಗರನ್ನು ಭೈಣಿಯಿಂದ ಹೊರಹೋಗದಂತೆ ನಿರ್ಬಂಧಿಸಿತು. ವರದಕ್ಷಿಣೆಯಿಲ್ಲದೆ ಅನೇಕ ಜೋಡಿಗಳಿಗೆ ಒಟ್ಟಿಗೆ ನಡೆಸುವ ಸಾಮೂಹಿಕ ವಿವಾಹಗಳು ಇಂದಿಗೂ ರೂಢಿಯಲ್ಲಿವೆ. ಮಗಳ ಮದುವೆಯೆಂದರೆ ಸಾಲವೆಂದೇ ಆಗಿದ್ದ ರೈತಕುಟುಂಬಗಳಿಗೆ ಈ ಪದ್ಧತಿ ದೊಡ್ಡ ಬಿಡುಗಡೆಯಾಗಿತ್ತು.

1872ರ ಘಟನೆ ಮತ್ತು ಸ್ಮರಣೆ

ಗೋರಕ್ಷಣೆಯು ಪಂಥದ ಪ್ರಮುಖ ವ್ರತಗಳಲ್ಲೊಂದು. 1872ರ ಜನವರಿಯಲ್ಲಿ ಕೂಕಾಗಳ ಒಂದು ತಂಡವು ಮಲೇರಕೋಟ್ಲಾದ ಮೇಲೆ ದಾಳಿ ಮಾಡಿತು. ಸೆರೆಸಿಕ್ಕವರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಸಕ್ರಮ ವಿಚಾರಣೆಯಿಲ್ಲದೆ ಫಿರಂಗಿಯ ಬಾಯಿಗೆ ಕಟ್ಟಿ ಕೊಲ್ಲಲಾಯಿತು. ಇದಕ್ಕೆ ಆದೇಶಿಸಿದ ಲುಧಿಯಾನಾದ ಅಧಿಕಾರಿ ಕೋವನ್ ಬಳಿಕ ಸೇವೆಯಿಂದ ವಜಾಗೊಂಡನು. ರಾಮ ಸಿಂಗರನ್ನು ರಂಗೂನಿಗೆ ಗಡೀಪಾರು ಮಾಡಲಾಯಿತು. ಸರ್ಕಾರಿ ದಾಖಲೆಗಳ ಪ್ರಕಾರ ಅವರು 1885ರಲ್ಲಿ ನಿಧನರಾದರು. ಆದರೆ ಅವರು ಮರಳಿ ಬರುವರೆಂದು ಅನುಯಾಯಿಗಳು ನಂಬುತ್ತಾರೆ. ಪ್ರತಿವರ್ಷ ಜನವರಿಯಲ್ಲಿ ಮಲೇರಕೋಟ್ಲಾದಲ್ಲಿ ಹುತಾತ್ಮರ ಸ್ಮರಣೆ ನಡೆಯುತ್ತದೆ.

ಸಂಗೀತ

ಕೀರ್ತನೆಯನ್ನು ಶಾಸ್ತ್ರೀಯ ರಾಗಗಳಲ್ಲಿ, ದಿಲ್‌ರುಬಾ, ತಾವುಸ್ ಮೊದಲಾದ ತಂತಿವಾದ್ಯಗಳೊಡನೆ ಹಾಡುವ ಪರಂಪರೆಯನ್ನು ಪಂಥವು ಉಳಿಸಿಕೊಂಡಿದೆ. ಗುರು ಜಗಜಿತ್ ಸಿಂಗ್ (1920–2012) ಹಿಂದೂಸ್ತಾನಿ ಸಂಗೀತದ ಪೋಷಕರಾಗಿದ್ದರು.

ಕರ್ನಾಟಕದ ಸಂಬಂಧ

ಬೆಂಗಳೂರಿಗೆ ಸಮೀಪದ ಬಿಡದಿಯಲ್ಲಿರುವ ನಾಮಧಾರಿ ಸೀಡ್ಸ್ ಎಂಬ ಬಿತ್ತನೆಬೀಜ ಸಂಸ್ಥೆಯು ಈ ಪಂಥದವರು ಸ್ಥಾಪಿಸಿದ್ದು.