ಕುಸುಬೆ ಎಣ್ಣೆಯ ಜಿಗುಟು ಮತ್ತು ಎನ್‌ಎಂಆರ್ ಅಳತೆ

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಸಂಗಾತಿಯಾದ ಕುಸುಬೆಯ (ಆಡುಮಾತಿನ ಕುಸುಬಿ) ಎಣ್ಣೆಯು ಗಾಳಿಗೊಡ್ಡಿದ ಪಾತ್ರೆಯ ಅಂಚಿನಲ್ಲಿ ಜಿಗುಟಾಗಿ ಪೊರೆಗಟ್ಟುತ್ತದೆ. ಮನೆಮಂದಿಗೆ ಇದು ಪರಿಚಿತ. ಕಾರಣ ಲಿನೋಲಿಯಿಕ್ ಆಮ್ಲ. ಇದರ ಎರಡು ದ್ವಿಬಂಧಗಳ ನಡುವಣ ಸಿಎಚ್2 ಗುಂಪಿನ ಮೇಲೆ ಆಮ್ಲಜನಕವು ಎರಗಿ, ಅಣುಗಳನ್ನು ಹೆಣೆದು ಪಾಲಿಮರ್ ಆಗಿಸುತ್ತದೆ.

ಜಿಗುಟು ಗುಣವನ್ನು ಹೇಳುತ್ತದೆ, ಪ್ರಮಾಣವನ್ನಲ್ಲ. ಅಧಿಕ ಓಲಿಯಿಕ್ ತಳಿಗಳು ಬಂದಿರುವ ಇಂದು ಬರಿಗಣ್ಣು ಸಾಲದು. ಪ್ರೋಟಾನ್ ಎನ್‌ಎಂಆರ್ ರೋಹಿತದಲ್ಲಿ ಆ ಗುಂಪು ಸುಮಾರು 2.8 ಪಿಪಿಎಂನಲ್ಲಿಯೂ, ಗ್ಲಿಸರಾಲಿನ ನಾಲ್ಕು ಪ್ರೋಟಾನುಗಳು 4.1–4.3ರಲ್ಲಿಯೂ ತೋರುತ್ತವೆ. ಲೆಕ್ಕಕ್ಕೆ ಬರುವುದು ಶಿಖರದ ಎತ್ತರವಲ್ಲ, ಅದರಡಿಯ ವಿಸ್ತೀರ್ಣ. ಗ್ಲಿಸರಾಲಿನದನ್ನು 4 ಎಂದಿಟ್ಟಾಗ 2.8ರದು 4.5 ಬಂದರೆ, ಮೂರು ಸರಪಳಿಗಳಿಗೆ ಗರಿಷ್ಠ 6ರಲ್ಲಿ 4.5, ಅಂದರೆ ಲಿನೋಲಿಯಿಕ್ ಪಾಲು ಶೇ. 75. ಲಿನೋಲೆನಿಕ್ ಆಮ್ಲವು ಕುಸುಬೆಯಲ್ಲಿ ನಗಣ್ಯವಾದುದರಿಂದಲೇ ಈ ಲೆಕ್ಕ ಇಷ್ಟು ಸರಳ. ಅಗಸೆ ಎಣ್ಣೆಗೆ ಇದು ಹೀಗೆಯೇ ಸಲ್ಲದು.