ಅಟ್ಟದಿಂದ ಇಳಿದ ರಾಟೆ

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಕರಿ ಕಂಬಳಿ ಇದೆಯಾ? ಇದ್ದರೆ ತಂದು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೆ ಹೋದ ಎಳೆ ಕಾಣುತ್ತದೆ. ಅದು ಹಾಸು. ಅಡ್ಡಕ್ಕೆ ಹೋದ ಎಳೆ ಕಾಣುತ್ತದೆ. ಅದು ಹೊಕ್ಕು. ಕಂಬಳಿ ನೇಯುವವರು ಹೆಚ್ಚಾಗಿ ಗಂಡಸರು. ಉಣ್ಣೆ ನೂಲುವವರು ಹೆಂಗಸರು. ಒಳ್ಳೇ ಕಂಬಳಿ ಕಂಡರೆ "ಯಾರು ನೇಯ್ದಿದ್ದು?" ಅಂತ ಕೇಳ್ತಾರೆ. "ಯಾರು ನೂತಿದ್ದು?" ಅಂತ ಯಾರೂ ಕೇಳೋದಿಲ್ಲ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ಕುರಿ ಸಾಕಿದ ಮನೆಯವರು. ಮೊದಲ ದಿನ ಸ್ಲೇಟು ಹಿಡಿದು, "ಟೀಚರಮ್ಮ, ಈ ಬಳಪ ಕೈಗೆ ಬಗ್ಗಲ್ಲ. ಕದಿರಾದ್ರೆ ಕಣ್ಣು ಮುಚ್ಚಿ ಹಿಡೀತೀನಿ" ಅಂದರು. ಎಲ್ಲರೂ ನಕ್ಕೆವು. ನಿಜ ಹೇಳಬೇಕೆಂದರೆ ಕದಿರು ಅಂದರೆ ಏನು ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಟೀಚರ್ ಟ್ರೈನಿಂಗಿನಲ್ಲಿ ನಮಗೆ ಹೊಲಿಗೆ ಕಲಿಸಿದರು, ಕಾಗದದ ಹೂವು ಕಲಿಸಿದರು. ನೂಲುವುದು ಕಲಿಸಲಿಲ್ಲ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಅಜ್ಜಿ ಮೊಮ್ಮಗನನ್ನು ಅಟ್ಟ ಹತ್ತಿಸಿದರು. ಜೇಡರ ಬಲೆ ಹಿಡಿದ ಒಂದು ರಾಟೆ ಇಳಿಯಿತು.

ಮೊದಲು ಉಣ್ಣೆಯ ಮಾತು. ನಮ್ಮ ಬಯಲುಸೀಮೆಯ ಕರಿ ಕುರಿಗೆ ದಖ್ಖನಿ ಕುರಿ ಎನ್ನುತ್ತಾರೆ. ಇದರ ಉಣ್ಣೆ ಒರಟು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಕತ್ತರಿಸುವ ಮೊದಲು ಕುರಿಯನ್ನು ಹಳ್ಳದ ನೀರಿನಲ್ಲಿ ತೊಳೆಯುತ್ತಾರೆ. ಆಮೇಲೆ ಉಣ್ಣೆಯಲ್ಲಿ ಸೇರಿದ ಮುಳ್ಳು, ಕಸ ಆರಿಸಬೇಕು. ಬೆರಳಿನಿಂದ ಹಿಂಜಬೇಕು. ಬಿಲ್ಲಿನ ಹುರಿಯಿಂದ ಮೀಟಿದರೆ ಉಣ್ಣೆ ಮೋಡದ ಹಾಗೆ ಅರಳುತ್ತದೆ. ಅದನ್ನು ಸುರುಳಿ ಮಾಡಿಟ್ಟುಕೊಂಡರೆ ನೂಲಲು ತಯಾರು.

ನೂಲುವುದು ಅಂದರೆ ಏನು? ಎರಡೇ ಕೆಲಸ. ಎಳೆಯುವುದು, ತಿರುಚುವುದು. ದೇವರ ದೀಪಕ್ಕೆ ನೀವು ಬತ್ತಿ ಹೊಸೆಯುತ್ತೀರಲ್ಲ, ಅದೂ ಇದೇ ಕೆಲಸ. ಬೇಕಾದರೆ ಈಗಲೇ ಮಾಡಿ ನೋಡಿ. ಒಂದು ಚಿಟಿಕೆ ಹತ್ತಿ ತಗೊಳ್ಳಿ. ಸುಮ್ಮನೆ ಎಳೆಯಿರಿ, ಬಿಟ್ಟುಹೋಗುತ್ತದೆ. ತಿರುಚುತ್ತಾ ಮೆಲ್ಲಗೆ ಎಳೆಯಿರಿ, ಬಿಡುವುದಿಲ್ಲ. ತಿರುಚಿದಾಗ ಒಂದು ಕೂದಲು ಇನ್ನೊಂದನ್ನು ಅಪ್ಪಿಕೊಳ್ಳುತ್ತದೆ. ಉಣ್ಣೆಯ ಕೂದಲ ಮೇಲೆ ಮೀನಿನ ಮೈಯ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತವೆ. ಬರಿ ಕಣ್ಣಿಗೆ ಕಾಣುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುತ್ತವೆ. ಅದಕ್ಕೇ ಉಣ್ಣೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ರಾಟೆಯಲ್ಲಿ ಬಲಗೈ ಚಕ್ರ ತಿರುಗಿಸುತ್ತದೆ. ಚಕ್ರದ ದಾರ ಕದಿರನ್ನು ತಿರುಗಿಸುತ್ತದೆ. ಚಕ್ರ ದೊಡ್ಡದು, ಕದಿರು ಸಣ್ಣದು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಕದಿರು ಎಷ್ಟೋ ಸುತ್ತು ಬಂದಿರುತ್ತದೆ. ಎಡಗೈ ಉಣ್ಣೆ ಹಿಡಿದು ಹಿಂದಕ್ಕೆ ಹೋಗುತ್ತದೆ. ಎಳೆ ಒಂದು ಮಾರು ಉದ್ದ ಬಂದ ಮೇಲೆ ಅದನ್ನು ಕದಿರಿಗೆ ಸುತ್ತಬೇಕು. ಹುರಿ ಹೆಚ್ಚಾದರೆ ಎಳೆ ಗಂಟು ಗಂಟಾಗಿ ಸುರುಳುತ್ತದೆ. ಕಡಿಮೆಯಾದರೆ ಹರಿಯುತ್ತದೆ. ಎಷ್ಟು ಸರಿ ಅಂತ ಹೇಳಿಕೊಡೋಕೆ ಆಗಲ್ಲ, ಬೆರಳಿಗೇ ಗೊತ್ತಾಗಬೇಕು. ನನ್ನ ಬೆರಳಿಗೆ ಅವತ್ತು ಗೊತ್ತಾಗಲಿಲ್ಲ. ಹನ್ನೊಂದು ಸಲ ಹರಿಯಿತು. "ಅಕ್ಷರ ತಿದ್ದುವಾಗ ನಂಗೂ ಹಿಂಗೇ ಆಗಿತ್ತು, ಬಿಡಿ" ಅಂದರು ಅಜ್ಜಿ. ಅವರಿಗೆ ಅವತ್ತು ಬಹಳ ಖುಷಿ!

ರಾಟೆ ಅಟ್ಟ ಸೇರುವುದು ಹೊಸ ಸಂಗತಿಯಲ್ಲ. ಗಾಂಧೀಜಿಯವರು ರಾಟೆಯ ವಿಷಯ ಬರೆಯುವ ಕಾಲಕ್ಕೆ ಅವರೇ ಅದನ್ನು ಕಂಡ ನೆನಪಿರಲಿಲ್ಲವಂತೆ. ಅವರ ಆಶ್ರಮದಲ್ಲಿ ಮಗ್ಗ ಬಂತು, ರಾಟೆ ಸಿಗಲಿಲ್ಲ. 1917ರಲ್ಲಿ ಅವರಿಗೆ ಗಂಗಾಬೆನ್ ಮಜುಮ್‌ದಾರ್ ಎಂಬ ವಿಧವೆ ಹೆಂಗಸಿನ ಪರಿಚಯವಾಯಿತು. ಧೈರ್ಯಸ್ಥೆ. ಕುದುರೆ ಹತ್ತಿ ಓಡಾಡುವಾಕೆ. ಆಕೆ ಗುಜರಾತಿನಲ್ಲಿ ಊರೂರು ಅಲೆದು ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ರಾಟೆ ಪತ್ತೆ ಮಾಡಿದರು. ಅಲ್ಲಿ ಎಷ್ಟೋ ಮನೆಗಳಲ್ಲಿ ರಾಟೆ ಅಟ್ಟದ ಮೇಲೆ ಬಿದ್ದಿತ್ತು. ಹಂಜಿ ತಂದುಕೊಟ್ಟು, ನೂತ ನೂಲನ್ನು ಕೊಂಡುಕೊಂಡರೆ ಮತ್ತೆ ನೂಲುತ್ತೇವೆ ಎಂದರು ಆ ಜನ. ಇವತ್ತಿಗೂ ಮಾತು ಅದೇ. ಗಿರಣಿಯ ಅಗ್ಗದ ಹೊದಿಕೆ ಬಂತು. ಕುರಿಯನ್ನು ಮಾಂಸಕ್ಕೆಂದೇ ಸಾಕುವುದು ಹೆಚ್ಚಾಯಿತು. ಉಣ್ಣೆ ಕೇಳುವವರಿಲ್ಲದೆ ಕತ್ತರಿಸಿದಲ್ಲೇ ಬಿಟ್ಟು ಹೋಗುವ ಕುರಿಗಾಹಿಗಳಿದ್ದಾರೆ.

ಅಜ್ಜಿ ಆ ಬಿಟ್ಟ ಉಣ್ಣೆಯನ್ನೇ ಚೀಲದಲ್ಲಿ ತುಂಬಿಸಿ ತರಿಸಿಕೊಂಡರು. ಈಗ ಮಧ್ಯಾಹ್ನ ಅವರ ಜಗಲಿಯಲ್ಲಿ ರಾಟೆ ಗುಂಯ್ ಅನ್ನುತ್ತದೆ. ನಾಲ್ಕು ಜನ ಸೇರುತ್ತಾರೆ. ಕೈ ಕೆಲಸ ಮಾಡುತ್ತದೆ, ಬಾಯಿಗೆ ಬಿಡುವು. ಸುಮ್ಮನೆ ಕೂತು ಹರಟೆ ಹೊಡೀತಾರೆ ಅಂತ ಯಾರೂ ಅನ್ನೋ ಹಾಗಿಲ್ಲ. ಅಜ್ಜಿ ಹೇಳುವ ಸುಖವೇ ಬೇರೆ. "ಪಾತ್ರೆ ತೊಳೀತೀವಿ, ಮತ್ತೆ ಎಂಜಲಾಗ್ತದೆ. ಕಸ ಗುಡಿಸ್ತೀವಿ, ಮತ್ತೆ ಬೀಳ್ತದೆ. ನೂಲು ಹಂಗಲ್ಲ ಕಣ್ರೀ. ನೂತಷ್ಟು ಉಳೀತದೆ."

ಉಳಿದ ನೂಲು ಮಾರಬೇಕಲ್ಲ. ಒಬ್ಬ ವ್ಯಾಪಾರಿ ಬರುತ್ತಿದ್ದ. ತಕ್ಕಡಿಗೆ ಸಿಕ್ಕಿಸಿ, "ಒಂದೂವರೆ ಕಿಲೋ ಅಜ್ಜಿ" ಅಂತ ದುಡ್ಡು ಎಣಿಸುತ್ತಿದ್ದ. ಪ್ರತಿ ಸಲ ಒಂದೂವರೆ. ಕೇಂದ್ರದಲ್ಲಿ ಅಂಕಿ ಕಲಿತ ಮೇಲೆ ಅಜ್ಜಿ ಒಂದು ದಿನ ತಕ್ಕಡಿಯ ಕಿಂಡಿಗೆ ಮುಖ ಇಟ್ಟು ನೋಡಿದರು. "ಒಂದು, ಚುಕ್ಕೆ, ಎಂಟು, ಐದು, ಸೊನ್ನೆ" ಅಂತ ಜೋರಾಗಿ ಓದಿದರು. ಅಂದರೆ 1 ಕಿಲೋ 850 ಗ್ರಾಂ. 350 ಗ್ರಾಂ ಎಲ್ಲಿ ಹೋಯಿತು? ವ್ಯಾಪಾರಿ ಮಾತಾಡಲಿಲ್ಲ. ಅವತ್ತಿನದಕ್ಕೆ ಪೂರ್ತಿ ದುಡ್ಡು ಕೊಟ್ಟ. ಹಿಂದಿನದು ಹೋಯಿತು. ಆ ಲೆಕ್ಕ ಅಜ್ಜಿ ಇನ್ನೂ ಮರೆತಿಲ್ಲ, ನಾನೂ ಮರೆತಿಲ್ಲ.

ಇಬ್ಬರು ಸೊಸೆಯಂದಿರು ಕಡ್ಡಿಯಲ್ಲಿ ಹೆಣೆಯಲು ಕಲಿಯುತ್ತಿದ್ದಾರೆ. ನೇಯ್ಗೆಗೂ ಹೆಣಿಗೆಗೂ ಏನು ವ್ಯತ್ಯಾಸ? ನೇಯ್ಗೆಯಲ್ಲಿ ಹಾಸು, ಹೊಕ್ಕು ಎರಡೂ ಬೇಕು. ಬಟ್ಟೆ ಬಿಗಿಯಾಗಿರುತ್ತದೆ. ಹೆಣಿಗೆಯಲ್ಲಿ ಒಂದೇ ದಾರ. ಅದನ್ನು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ತೂರಿಸುತ್ತಾರೆ. ಅದಕ್ಕೇ ಸ್ವೆಟರು ಹಿಗ್ಗುತ್ತದೆ, ಕಂಬಳಿ ಹಿಗ್ಗುವುದಿಲ್ಲ. ಆದರೆ ದಖ್ಖನಿ ಉಣ್ಣೆಯ ಸ್ವೆಟರು ಮೈಗೆ ಚುಚ್ಚುತ್ತದೆ. ಮಕ್ಕಳಿಗೆ ಬೇಡ. ಕೂರುವ ಚಾಪೆಗೆ, ಚೀಲಕ್ಕೆ ಒಳ್ಳೆಯದು.

ಕಂಬಳಿಗೆ ಮಾತ್ರ ಈ ಉಣ್ಣೆಯೇ ಆಗಬೇಕು. ತನ್ನ ತೂಕದ ಕಾಲು ಭಾಗಕ್ಕಿಂತ ಹೆಚ್ಚು ತೇವ ಕುಡಿದರೂ ಉಣ್ಣೆ ಒದ್ದೆ ಅನ್ನಿಸುವುದಿಲ್ಲ. ಬೆಂಕಿಯ ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುವುದೂ ಇಲ್ಲ. ಮಳೆಗೆ ಕೊಪ್ಪೆ ಹಾಕಿಕೊಂಡು ಕುರಿ ಹಿಂದೆ ಹೋಗುವವರಿಗೆ ಇದು ಗೊತ್ತು.

ಅಜ್ಜಿಯ ನೂಲು ಒಂದು ಕಂಬಳಿಗೆ ಸಾಕಾಗುವಷ್ಟಾಗಿದೆ. ಪಕ್ಕದ ಊರಿನಲ್ಲಿ ಕುಣಿ ಮಗ್ಗ ಇರುವ ಒಬ್ಬರು ನೇಯ್ದು ಕೊಡಲು ಒಪ್ಪಿದ್ದಾರೆ. ಮಗ್ಗಕ್ಕೆ ಏರಿಸುವ ಮೊದಲು ಹಾಸಿಗೆ ಹುಣಸೆ ಬೀಜದ ಗಂಜಿ ಬಳಿಯಬೇಕು. ಬೀಜದ ಸಿಪ್ಪೆ ತೆಗೆದು, ಅರೆದು, ಕುದಿಸಿ ಮಾಡುವ ಗಂಜಿ ಅದು. ಎಳೆ ಗಟ್ಟಿಯಾಗುತ್ತದೆ, ನೇಯುವಾಗ ಹರಿಯುವುದಿಲ್ಲ. ಆದ್ದರಿಂದ ಈ ಸಲ ಹುಣಸೆಹಣ್ಣು ಬಿಡಿಸಿದಾಗ ಬೀಜ ತಿಪ್ಪೆಗೆ ಹಾಕಬೇಡಿ. ಕೇಂದ್ರಕ್ಕೆ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬನ್ನಿ. ಅಜ್ಜಿಗೆ ಬೇಕಾಗಿದೆ.