ವಂಶವಾಹಿ ಪರೀಕ್ಷೆಯ ವರದಿಯನ್ನು ಓದುವ ಬಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲನೇಕರು ಇಂದು ಗೃಹಿಣಿಯರಾಗಿರುವರು. ವಂಶವಾಹಿ ಪರೀಕ್ಷೆಯ ವರದಿ ಕೈಗೆ ಬಂದಾಗ ಈ ಕೆಲವು ಮಾತುಗಳು ಅವರಿಗೆ ನೆರವಾದಾವು.

ಬೀಟಾ ಥಲಸ್ಸೀಮಿಯವೆಂಬ ರಕ್ತರೋಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದಕ್ಕೆ ಸಂಬಂಧಿಸಿದ ವಂಶವಾಹಿ ತಾಯಿಯಿಂದೊಂದು, ತಂದೆಯಿಂದೊಂದು ನಮಗೆ ಬರುವುದು. ಒಂದರಲ್ಲಿ ಮಾತ್ರ ದೋಷವಿದ್ದರೆ ವರದಿಯಲ್ಲಿ ‘ವಾಹಕ’ ಎಂದಿರುವುದು. ವಾಹಕರು ರೋಗಿಗಳಲ್ಲ, ಸಾಮಾನ್ಯವಾಗಿ ಆರೋಗ್ಯವಂತರೇ. ಪತಿಪತ್ನಿಯರಿಬ್ಬರೂ ವಾಹಕರಾಗಿದ್ದರೆ ಮಗುವಿಗೆ ರೋಗ ಬರುವ ಸಂಭವವು ನಾಲ್ಕರಲ್ಲೊಂದು, ಅಂದರೆ ಶೇಕಡಾ 25. ಮೊದಲನೆಯ ಮಗುವಿಗೆ ರೋಗ ತಗಲಿದರೆ ಮುಂದಿನ ಮೂವರು ಪಾರಾದರೆಂದು ಇದರರ್ಥವಲ್ಲ. ನಾಲ್ಕು ಚೀಟಿಗಳನ್ನು ಪ್ರತಿಸಲವೂ ಹೊಸದಾಗಿ ಕಲಸಿ ಒಂದನ್ನೆತ್ತುವಂತೆ, ಪ್ರತಿಯೊಂದು ಗರ್ಭಕ್ಕೂ ಅದೇ ಸಂಭವವಿರುವುದು.

ಬೇರೆ ಕೆಲವು ವರದಿಗಳಲ್ಲಿ ‘ಮಹತ್ತ್ವ ಅನಿಶ್ಚಿತವಾದ ವ್ಯತ್ಯಾಸ’ ಎಂಬರ್ಥದ ಮಾತಿರುವುದು. 2015ರಲ್ಲಿ ಅಮೆರಿಕದ ತಜ್ಞರು ಗೊತ್ತುಪಡಿಸಿದ 5 ವರ್ಗಗಳಲ್ಲಿ ಇದು ನಡುವಿನದು. ಇದು ರೋಗನಿರ್ಣಯವೂ ಅಲ್ಲ, ಅಭಯವಚನವೂ ಅಲ್ಲ. ತಿಳಿವಳಿಕೆ ಹೆಚ್ಚಿದಂತೆ ಬದಲಾಗಬಹುದು. ಇದೊಂದನ್ನೇ ನೆಚ್ಚಿ ಶಸ್ತ್ರಚಿಕಿತ್ಸೆಗೆ ಒಪ್ಪತಕ್ಕದ್ದಲ್ಲ.

‘ವಾಹಕ’ವೆಂಬ ಪದವನ್ನು ಕಂಡೊಡನೆ ಕನ್ಯೆಯನ್ನು ಕಳಂಕಿತಳೆಂದೆಣಿಸುವುದು ಅಜ್ಞಾನವೇ ಸರಿ. ಆ ದೋಷವು ವರನಲ್ಲಿಯೂ ಇರಬಹುದಷ್ಟೆ? ಆದುದರಿಂದ ಪರೀಕ್ಷೆಯು ಇಬ್ಬರಿಗೂ ನಡೆಯಲಿ. ತಿಳಿಯದುದನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿರಿ.